ಚಳಿಗಾಲದ ಹಾಯಿದೋಣಿ ಸ್ಪರ್ಧೆ: ಗಾಳಿ, ತಣ್ಣೀರು ಮತ್ತು ಒಂದು ಬಿಸಿ ಕಡುಬು

ಡಿಸೆಂಬರ್ 26ಕ್ಕೆ ಇಂಗ್ಲೆಂಡಿನಲ್ಲಿ ಬಾಕ್ಸಿಂಗ್ ಡೇ ಎಂದು ಹೆಸರು. ಹಿಂದಿನ ದಿನ ಕ್ರಿಸ್‌ಮಸ್ ಊಟ ಮಾಡಿ ದಣಿದ ಜನ ಬೆಚ್ಚನೆಯ ಮನೆ ಬಿಟ್ಟು ಹೊರಬರಲು ಒಲ್ಲದ ದಿನ. ಆದರೆ ಅದೇ ಬೆಳಗ್ಗೆ ಅಲ್ಲಿನ ಎಷ್ಟೋ ಜಲಾಶಯಗಳ ದಂಡೆಯಲ್ಲಿ ಕೆಲವರು ತಮ್ಮ ದೋಣಿಯ ಹೊದಿಕೆಯ ಮೇಲೆ ಹೆಪ್ಪುಗಟ್ಟಿದ ಇಬ್ಬನಿಯನ್ನು ಕೆರೆದು ತೆಗೆಯುತ್ತಿರುತ್ತಾರೆ. ಮರದ ಕೋಲಿನಂತೆ ಸೆಟೆದ ಹಗ್ಗಗಳನ್ನು ಬಗ್ಗಿಸಿ ಬಿಡಿಸುತ್ತಾರೆ. ಒಬ್ಬಿಬ್ಬರು ಕೆಂಪು ಟೊಪ್ಪಿಗೆ, ಬಿಳಿ ಗಡ್ಡ ಕಟ್ಟಿಕೊಂಡು ಕ್ರಿಸ್‌ಮಸ್ ತಾತನ ವೇಷದಲ್ಲೂ ಇರುತ್ತಾರೆ. ಇನ್ನೊಂದು ಗಂಟೆಯಲ್ಲಿ ಸ್ಪರ್ಧೆ, ಅದು ಮುಗಿದ ಮೇಲೆ ಎಲ್ಲರಿಗೂ ಒಟ್ಟಿಗೆ ಊಟ.

2003ರ ಚಳಿಗಾಲದಲ್ಲಿ ಸಂಶೋಧನೆಗೆಂದು ಆ ದೇಶದಲ್ಲಿದ್ದಾಗ ಇಂಥ ಒಂದು ಕ್ಲಬ್ಬಿಗೆ ಪ್ರಯೋಗಾಲಯದ ಸಹೋದ್ಯೋಗಿಯೊಬ್ಬರು ನನ್ನನ್ನು ಕರೆದೊಯ್ದರು. ಅವರ ದೋಣಿಗೆ ಇಬ್ಬರು ಬೇಕಿತ್ತು. ನನಗೆ ದೋಣಿ ನಡೆಸಲು ಬರುವುದಿಲ್ಲ ಎಂದಾಗ, "ನೀವು ಎಪ್ಪತ್ತು ಕಿಲೋ ಇದ್ದೀರಲ್ಲ, ಅಷ್ಟು ಸಾಕು" ಎಂದರು. ಅದು ತಮಾಷೆಯ ಮಾತಲ್ಲ, ಭೌತವಿಜ್ಞಾನದ ಮಾತು ಎಂಬುದು ನನಗೆ ನೀರಿಗಿಳಿದ ಮೇಲೆ ತಿಳಿಯಿತು.

ಡಿಂಗಿ ಎಂದರೆ ಸಾಮಾನ್ಯವಾಗಿ 2ರಿಂದ 5 ಮೀಟರ್ ಉದ್ದದ, ಒಬ್ಬರು ಅಥವಾ ಇಬ್ಬರು ನಡೆಸುವ ಪುಟ್ಟ ಹಾಯಿದೋಣಿ. ದೊಡ್ಡ ಯಾಟ್‌ಗಳ ತಳದಲ್ಲಿ ಇರುವಂತೆ ಇದರಲ್ಲಿ ಸೀಸದ ಭಾರ ಇರುವುದಿಲ್ಲ. ನಡುವೆ ಒಂದು ಹಗುರವಾದ ಹಲಗೆ ನೀರಿನೊಳಕ್ಕೆ ಇಳಿದಿರುತ್ತದೆ, ಅಷ್ಟೆ. ಗಾಳಿ ಹಾಯಿಯ ಮೇಲೆ ಒತ್ತಿದಾಗ ದೋಣಿ ಮಗುಚದಂತೆ ತಡೆಯುವುದು ಮುಖ್ಯವಾಗಿ ಕುಳಿತವರ ದೇಹದ ತೂಕವೇ. ಅವರು ಗಾಳಿ ಬರುವ ಬದಿಯ ಅಂಚಿನಲ್ಲಿ ಕುಳಿತು, ಪಾದಗಳನ್ನು ಒಂದು ಪಟ್ಟಿಗೆ ಸಿಕ್ಕಿಸಿ, ಮೈಯನ್ನು ಹೊರಗೆ ಚಾಚುತ್ತಾರೆ.

ಇದನ್ನು ಲೆಕ್ಕ ಮಾಡಿ ನೋಡೋಣ. ಒಬ್ಬರೇ ನಡೆಸುವ ಲೇಸರ್ ಎಂಬ ಡಿಂಗಿಯ ಹಾಯಿಯ ವಿಸ್ತೀರ್ಣ ಸುಮಾರು 7 ಚದರ ಮೀಟರ್. ಗಾಳಿಯ ಬಲವು ಅದರ ಸಾಂದ್ರತೆ, ಹಾಯಿಯ ವಿಸ್ತೀರ್ಣ ಹಾಗೂ ವೇಗದ ವರ್ಗ ಇವುಗಳ ಗುಣಲಬ್ಧದ ಅರ್ಧದಷ್ಟು ಎಂದು ಒರಟಾಗಿ ಇಟ್ಟುಕೊಳ್ಳಬಹುದು. ಗಾಳಿಯ ಸಾಂದ್ರತೆ ಘನ ಮೀಟರಿಗೆ 1.25 ಕಿ.ಗ್ರಾಂ ಆದರೆ, ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಬಲ ಸುಮಾರು 110 ನ್ಯೂಟನ್. ಈ ಬಲ ನಡುಹಲಗೆಯಿಂದ ಸುಮಾರು 2.5 ಮೀಟರ್ ಎತ್ತರದಲ್ಲಿ ವರ್ತಿಸುತ್ತದೆ ಎಂದುಕೊಂಡರೆ ದೋಣಿಯನ್ನು ಮಗುಚುವ ಟಾರ್ಕ್ 275 ನ್ಯೂಟನ್-ಮೀಟರ್. 80 ಕಿ.ಗ್ರಾಂ ತೂಕದ ನಾವಿಕ ತನ್ನ ಗುರುತ್ವಕೇಂದ್ರವನ್ನು ದೋಣಿಯ ನಡುವಿನಿಂದ 1.2 ಮೀಟರ್ ಆಚೆಗೆ ಚಾಚಿದರೆ ಅವನು ಒದಗಿಸುವ ಟಾರ್ಕ್ ಸುಮಾರು 940. ಹಾಗಾಗಿ ಚಿಂತೆಯಿಲ್ಲ, ಒಳಗೇ ಕುಳಿತಿರಬಹುದು. ಗಾಳಿಯ ವೇಗ ಇಮ್ಮಡಿಯಾಗಿ 10 ಮೀಟರ್ ಆದರೆ? ಮಗುಚುವ ಟಾರ್ಕ್ ನಾಲ್ಕು ಪಟ್ಟಾಗಿ 1,100 ಆಗುತ್ತದೆ. ಎಷ್ಟು ಚಾಚಿದರೂ ಸಾಲದು. ಆಗ ಹಗ್ಗ ಸಡಿಲಿಸಿ ಹಾಯಿಯಿಂದ ಗಾಳಿಯನ್ನು ಚೆಲ್ಲಬೇಕು. ಅರ್ಧ ಸೆಕೆಂಡು ತಡವಾದರೂ ಸ್ನಾನ.

ಹಾಯಿದೋಣಿ ಗಾಳಿ ಬರುವ ದಿಕ್ಕಿನ ಕಡೆಗೂ ಹೇಗೆ ಸಾಗುತ್ತದೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ನೇರವಾಗಿ ಎದುರಿಗೆ ಸಾಗದು. ಸುಮಾರು 45 ಡಿಗ್ರಿ ಓರೆಯಾಗಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹೊರಳುತ್ತ ಮೇಲೇರುತ್ತದೆ. ಬಾಗಿದ ಹಾಯಿ ವಿಮಾನದ ರೆಕ್ಕೆಯಂತೆ ಗಾಳಿಯನ್ನು ತಿರುಗಿಸಿ ಪಕ್ಕಕ್ಕೆ ಬಲ ಪಡೆಯುತ್ತದೆ. ನೀರಿನೊಳಗಿನ ಹಲಗೆ ಆ ಪಕ್ಕದ ಚಲನೆಗೆ ಎದುರು ನಿಲ್ಲುತ್ತದೆ. ಎರಡರ ನಡುವೆ ಉಳಿದ ದಾರಿ ಮುಂದಕ್ಕೆ ಮಾತ್ರ. ಎರಡು ಬೆರಳುಗಳ ನಡುವೆ ಒತ್ತಿದ ಹಸಿ ಹಲಸಿನ ಬೀಜ ಚಿಮ್ಮಿ ಮುಂದೆ ಹಾರುವುದನ್ನು ನೆನಪಿಸಿಕೊಳ್ಳಿ.

ಚಳಿಗಾಲದ ಗಾಳಿ ಭಾರವೇ?

"ಚಳಿಗಾಲದ ಗಾಳಿಗೆ ತೂಕ ಹೆಚ್ಚು" ಎಂಬುದು ಅಲ್ಲಿನ ನಾವಿಕರ ನಂಬಿಕೆ. ಅದೇ ವೇಗದ ಗಾಳಿ ಬೇಸಿಗೆಗಿಂತ ಚಳಿಗಾಲದಲ್ಲಿ ಹೆಚ್ಚು ಬಲವಾಗಿ ತಳ್ಳುತ್ತದಂತೆ. ಇದು ಅರ್ಧ ನಿಜ. ಒತ್ತಡ ಸಮನಾಗಿದ್ದರೆ ಅನಿಲದ ಸಾಂದ್ರತೆ ನಿರಪೇಕ್ಷ ತಾಪಕ್ಕೆ ವಿಲೋಮಾನುಪಾತದಲ್ಲಿರುತ್ತದೆ. 25 ಡಿಗ್ರಿ ಸೆಲ್ಸಿಯಸ್ ಎಂದರೆ 298 ಕೆಲ್ವಿನ್, 5 ಡಿಗ್ರಿ ಎಂದರೆ 278 ಕೆಲ್ವಿನ್. ಭಾಗಿಸಿದರೆ 1.07. ಅಂದರೆ ಶೇಕಡಾ 7ರಷ್ಟು ಹೆಚ್ಚು ಬಲ. ವೇಗದಲ್ಲಿ ಹೇಳುವುದಾದರೆ ಗಾಳಿ ಶೇಕಡಾ 3.5ರಷ್ಟು ಹೆಚ್ಚು ಜೋರಾಗಿ ಬೀಸಿದಂತೆ. ಇದನ್ನು ಮೈಯಿಂದ ಗುರುತಿಸುವುದು ಕಷ್ಟ.

ನಮ್ಮ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಸೈನಿಕರು ಹಾಯಿದೋಣಿ ಅಭ್ಯಾಸ ಮಾಡುವುದನ್ನು ಬಹಳ ಓದುಗರು ನೋಡಿರಬಹುದು. ಅಲ್ಲಿಗೆ ಹೋಲಿಸಿದರೆ ವ್ಯತ್ಯಾಸ ಇನ್ನೂ ದೊಡ್ಡದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಆದ್ದರಿಂದ ಗಾಳಿಯ ಒತ್ತಡವೇ ಶೇಕಡಾ 10ರಷ್ಟು ಕಡಿಮೆ. 27 ಡಿಗ್ರಿ ತಾಪದಲ್ಲಿ ಇಲ್ಲಿನ ಗಾಳಿಯ ಸಾಂದ್ರತೆ ಘನ ಮೀಟರಿಗೆ ಸುಮಾರು 1.06 ಕಿ.ಗ್ರಾಂ, ಲಂಡನ್ ಬಳಿ 5 ಡಿಗ್ರಿಯಲ್ಲಿ ಸುಮಾರು 1.27. ಅಂದರೆ ಒಂದೇ ವೇಗದ ಗಾಳಿ ಅಲ್ಲಿ ಶೇಕಡಾ 20ರಷ್ಟು ಹೆಚ್ಚು ಬಲ ಕೊಡುತ್ತದೆ.

ಆದರೆ ನಾವಿಕರ ಅನುಭವಕ್ಕೆ ಸಾಂದ್ರತೆಗಿಂತ ಮುಖ್ಯವಾದ ಕಾರಣ ಬೇರೊಂದಿದೆ. ಬೇಸಿಗೆಯ ಆರಂಭದಲ್ಲಿ ಜಲಾಶಯದ ನೀರು ಗಾಳಿಗಿಂತ ತಂಪಾಗಿರುತ್ತದೆ. ನೀರಿಗೆ ತಾಗಿದ ಗಾಳಿ ತಣ್ಣಗಾಗಿ, ಭಾರವಾಗಿ, ಅಲ್ಲೇ ಕೆಳಗೆ ಮಲಗುತ್ತದೆ. ಮೇಲಿನ ವೇಗದ ಗಾಳಿ ಈ ಸೋಮಾರಿ ಪದರದ ಮೇಲೆ ಜಾರಿಹೋಗುತ್ತದೆ. ಚಳಿಗಾಲದ ಆರಂಭದಲ್ಲಿ ಇದು ತಿರುವುಮುರುವು. ನೀರಿನ ವಿಶಿಷ್ಟೋಷ್ಣ ಹೆಚ್ಚಾದ್ದರಿಂದ ಅದು ನಿಧಾನವಾಗಿ ತಣಿಯುತ್ತದೆ. ಹೀಗಾಗಿ ನೀರು ಎಷ್ಟೋ ದಿನ ಗಾಳಿಗಿಂತ ಬೆಚ್ಚಗಿರುತ್ತದೆ. ಕೆಳಗಿನ ಗಾಳಿ ಬಿಸಿಯಾಗಿ ಮೇಲೇಳುತ್ತದೆ, ಅದರ ಜಾಗಕ್ಕೆ ಮೇಲಿನ ವೇಗದ ಗಾಳಿ ಧುಮುಕುತ್ತದೆ. ಹಾಯಿಗೆ ಬಡಿಯುವ ಹಠಾತ್ ಬೀಸು ಇದೇ. ನೀರಿನ ಮೇಲೆ ಕಪ್ಪು ಕಲೆಯಂತೆ ಕಿರುಅಲೆಗಳು ಓಡಿ ಬರುವುದನ್ನು ನೋಡಿ ನುರಿತವರು ಮುಂಚೆಯೇ ಮೈ ಚಾಚುತ್ತಾರೆ.

ಗಾಳಿ ಕೊಟ್ಟದ್ದರಲ್ಲಿ ಒಂದು ಪಾಲನ್ನು ನೀರು ಕಿತ್ತುಕೊಳ್ಳುತ್ತದೆ. 25 ಡಿಗ್ರಿಯಿಂದ 5 ಡಿಗ್ರಿಗೆ ಇಳಿದರೆ ನೀರಿನ ಸ್ನಿಗ್ಧತೆ ಶೇಕಡಾ 70ರಷ್ಟು ಏರುತ್ತದೆ. ಹಾಗೆಂದು ದೋಣಿಯ ಮೇಲಿನ ಘರ್ಷಣೆ ಅಷ್ಟೇ ಏರುವುದಿಲ್ಲ. ತಳದ ಬಳಿ ನೀರಿನ ಹರಿವು ಕ್ಷುಬ್ಧವಾದ್ದರಿಂದ ಘರ್ಷಣೆಯು ಸ್ನಿಗ್ಧತೆಯನ್ನು ತೀರ ನಿಧಾನವಾಗಿ ಅನುಸರಿಸುತ್ತದೆ. 4 ಮೀಟರ್ ಉದ್ದದ ದೋಣಿ ಸೆಕೆಂಡಿಗೆ 2 ಮೀಟರ್ ಸಾಗುವಾಗ ರೆನಾಲ್ಡ್ಸ್ ಸಂಖ್ಯೆ ಬೆಚ್ಚನೆಯ ನೀರಿನಲ್ಲಿ 90 ಲಕ್ಷ, ತಣ್ಣೀರಿನಲ್ಲಿ 53 ಲಕ್ಷ. ಘರ್ಷಣೆಯ ಏರಿಕೆ ಸುಮಾರು ಶೇಕಡಾ 10 ಮಾತ್ರ.

ಮುದುಕರೂ ಮಕ್ಕಳೂ ಒಂದೇ ಸ್ಪರ್ಧೆಯಲ್ಲಿ

ಕ್ಲಬ್ಬಿನಲ್ಲಿ ಹತ್ತಾರು ಬಗೆಯ ದೋಣಿಗಳು. 1947ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಮಕ್ಕಳಿಗಾಗಿ ರೂಪಿಸಿದ 2.3 ಮೀಟರಿನ ಆಪ್ಟಿಮಿಸ್ಟ್ ಒಂದು. ಕೆನಡಾ ಮೂಲದ ಬ್ರೂಸ್ ಕರ್ಬಿ ವಿನ್ಯಾಸದ 4.2 ಮೀಟರಿನ ಲೇಸರ್ ಇನ್ನೊಂದು. ಇದನ್ನು ಈಗ ಐ.ಎಲ್.ಸಿ.ಎ. ಎನ್ನುತ್ತಾರೆ. ಪ್ಲೈವುಡ್ ಹಲಗೆಗಳನ್ನು ತಂತಿಯಿಂದ ಹೊಲಿದು ಅಂಟಿಸಿ ಮನೆಯಲ್ಲೇ ಕಟ್ಟಬಹುದಾದ, ಕೆಂಪು ಹಾಯಿಯ ಮಿರರ್ ಮತ್ತೊಂದು. ನಾನು ಹತ್ತಿದ್ದು 1956ರಲ್ಲಿ ಜ್ಯಾಕ್ ಹೋಲ್ಟ್ ರೂಪಿಸಿದ, ನೀಲಿ ಹಾಯಿಯ ಎಂಟರ್‌ಪ್ರೈಸ್. ಇದು ಭಾರತಕ್ಕೂ ಹಳೆಯ ಪರಿಚಯ. 1982ರ ಏಷ್ಯನ್ ಕ್ರೀಡಾಕೂಟದ ಹಾಯಿದೋಣಿ ಸ್ಪರ್ಧೆಗಳು ಮುಂಬಯಿಯಲ್ಲಿ ನಡೆದಾಗ ಅವುಗಳಲ್ಲಿ ಎಂಟರ್‌ಪ್ರೈಸ್ ವರ್ಗವೂ ಇತ್ತು.

ಇಷ್ಟು ಬಗೆಯ ದೋಣಿಗಳನ್ನು ಒಂದೇ ಸ್ಪರ್ಧೆಗೆ ಬಿಟ್ಟರೆ ನ್ಯಾಯ ಹೇಗೆ? ನೀರನ್ನು ಸೀಳುತ್ತ ಹೋಗುವ ದೋಣಿ ತಾನೇ ಎಬ್ಬಿಸಿದ ಅಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಅಲೆಯ ಉದ್ದ ದೋಣಿಯ ಉದ್ದಕ್ಕೆ ಸಮನಾದಾಗ ಮುಂದೆ ಒಂದು ದಿಬ್ಬ, ಹಿಂದೆ ಒಂದು ದಿಬ್ಬ. ಅದಕ್ಕಿಂತ ವೇಗ ಬೇಕಾದರೆ ತನ್ನದೇ ಅಲೆಯ ದಿಬ್ಬವನ್ನು ಹತ್ತಬೇಕು. ಆಳದ ನೀರಿನ ಅಲೆಯ ಸೂತ್ರದಿಂದ ಈ ಮಿತಿವೇಗ, ಮೀಟರುಗಳಲ್ಲಿ ಅಳೆದ ಉದ್ದದ ವರ್ಗಮೂಲದ 1.25 ಪಟ್ಟು ಎಂದು ಬರುತ್ತದೆ. ಆಪ್ಟಿಮಿಸ್ಟ್‌ಗೆ ಸೆಕೆಂಡಿಗೆ 1.9 ಮೀಟರ್, ಲೇಸರ್‌ಗೆ 2.56 ಮೀಟರ್. ಅನುಪಾತ ಸುಮಾರು 1.35.

ಬ್ರಿಟನ್ನಿನ ಕ್ಲಬ್ಬುಗಳು ಸೂತ್ರವನ್ನು ನಂಬಿ ಕೂರಲಿಲ್ಲ. ಅವು ಬಳಸುವುದು ಪೋರ್ಟ್ಸ್‌ಮತ್ ಸಂಖ್ಯೆ. ದೇಶದ ಕ್ಲಬ್ಬುಗಳು ತಮ್ಮ ಸ್ಪರ್ಧೆಗಳ ಫಲಿತಾಂಶವನ್ನು ರಾಯಲ್ ಯಾಟಿಂಗ್ ಅಸೋಸಿಯೇಷನ್‌ಗೆ ಕಳುಹಿಸುತ್ತವೆ. ಅದು ಅಂಕಿ-ಅಂಶಗಳನ್ನು ವಿಶ್ಲೇಷಿಸಿ ಪ್ರತಿ ಬಗೆಯ ದೋಣಿಗೂ ವರ್ಷಕ್ಕೊಮ್ಮೆ ಒಂದು ಸಂಖ್ಯೆಯನ್ನು ಪ್ರಕಟಿಸುತ್ತದೆ. ಲೆಕ್ಕ ಸುಲಭವಾಗಲೆಂದು ದುಂಡು ಮಾಡಿದರೆ, ಲೇಸರ್‌ಗೆ 1100, ಮಿರರ್‌ಗೆ 1400, ಆಪ್ಟಿಮಿಸ್ಟ್‌ಗೆ 1650. ಸಂಖ್ಯೆ ದೊಡ್ಡದಾದಷ್ಟೂ ದೋಣಿ ನಿಧಾನ. ತೆಗೆದುಕೊಂಡ ಕಾಲವನ್ನು 1000ದಿಂದ ಗುಣಿಸಿ ಈ ಸಂಖ್ಯೆಯಿಂದ ಭಾಗಿಸಬೇಕು. ಲೇಸರ್ 55 ನಿಮಿಷದಲ್ಲಿ ಗುರಿ ಮುಟ್ಟಿದರೆ ತಿದ್ದಿದ ಕಾಲ 50 ನಿಮಿಷ. ಮಿರರ್ 69 ನಿಮಿಷದಲ್ಲಿ ಮುಟ್ಟಿದರೆ 49 ನಿಮಿಷ 17 ಸೆಕೆಂಡು. ಹದಿನಾಲ್ಕು ನಿಮಿಷ ತಡವಾಗಿ ಬಂದ ಮಿರರ್ ಗೆದ್ದಿತು! ಆಪ್ಟಿಮಿಸ್ಟ್ ಮತ್ತು ಲೇಸರ್‌ಗಳ ಸಂಖ್ಯೆಗಳ ಅನುಪಾತ 1.5. ನಮ್ಮ ಅಲೆಸೂತ್ರದ 1.35ಕ್ಕೆ ಅದು ಸಾಕಷ್ಟು ಹತ್ತಿರವಿದೆ. ಜೋರು ಗಾಳಿಯಲ್ಲಿ ಲೇಸರ್ ತನ್ನ ಅಲೆಯನ್ನೇರಿ ನೀರಿನ ಮೇಲೆ ಜಾರಬಲ್ಲದು, ಡಬ್ಬಿಯಾಕಾರದ ಆಪ್ಟಿಮಿಸ್ಟ್‌ಗೆ ಅದು ಅಷ್ಟು ಸುಲಭವಲ್ಲ. ಉಳಿದ ವ್ಯತ್ಯಾಸಕ್ಕೆ ಇದೂ ಹಾಯಿಯ ಗಾತ್ರವೂ ಕಾರಣ. ಎಲ್ಲ ಗಾಳಿಗೂ ಒಂದೇ ಸಂಖ್ಯೆ ಎಂಬುದು ಈ ಪದ್ಧತಿಯ ದೌರ್ಬಲ್ಯವೂ ಹೌದು. ಕ್ಲಬ್ಬಿನ ಊಟದ ಮೇಜಿನಲ್ಲಿ ವರ್ಷಾನುಗಟ್ಟಲೆ ಮುಗಿಯದ ಜಗಳ ಇದೇ.

ಹಬ್ಬದ ದಿನಗಳಲ್ಲಿ ಇದೇ ಲೆಕ್ಕವನ್ನು ತಲೆಕೆಳಗು ಮಾಡುತ್ತಾರೆ. ಅತಿ ನಿಧಾನದ ದೋಣಿಯನ್ನು ಮೊದಲು ಬಿಟ್ಟು, ವೇಗದವುಗಳನ್ನು ತಡವಾಗಿ ಬಿಡುತ್ತಾರೆ. ಇದು ಬೆನ್ನಟ್ಟುವ ಓಟ. ಆಪ್ಟಿಮಿಸ್ಟ್‌ಗೆ 90 ನಿಮಿಷ ಎಂದು ಗೊತ್ತು ಮಾಡಿದರೆ ಲೇಸರ್ ಎಷ್ಟು ತಡವಾಗಿ ಹೊರಡಬೇಕು? 1100ನ್ನು 1650ರಿಂದ ಭಾಗಿಸಿದರೆ ಮೂರರಲ್ಲಿ ಎರಡು ಪಾಲು. ಆದ್ದರಿಂದ ಅದು ಓಡಬೇಕಾದದ್ದು 60 ನಿಮಿಷ, ಕಾಯಬೇಕಾದದ್ದು 30 ನಿಮಿಷ. ಕೊನೆಯ ಸೂಚನೆ ಬಂದಾಗ ಯಾರು ಮುಂದಿರುತ್ತಾರೋ ಅವರೇ ವಿಜಯಿ. ಕಾಗದದ ಲೆಕ್ಕಕ್ಕೆ ಕಾಯಬೇಕಿಲ್ಲ. ಚಳಿಯಲ್ಲಿ ಯಾರೂ ಯಾರಿಗಾಗಿಯೂ ನಡುಗುತ್ತ ನಿಲ್ಲಬೇಕಿಲ್ಲ. ಎಲ್ಲರೂ ಒಂದೇ ಹೊತ್ತಿಗೆ ದಡ ಸೇರಿ ಊಟಕ್ಕೆ ಕೂರಬಹುದು. ಹಬ್ಬಕ್ಕೆ ಹೇಳಿ ಮಾಡಿಸಿದ ಗಣಿತ! ಲಂಡನ್ನಿನ ಪಶ್ಚಿಮಕ್ಕೆ, 1925ರಲ್ಲಿ ತೆರೆದ ಕ್ವೀನ್ ಮೇರಿ ಜಲಾಶಯದಲ್ಲಿ ಜನವರಿಯಲ್ಲಿ ನಡೆಯುವ ಬ್ಲಡಿ ಮೇರಿ ಎಂಬ ಪ್ರಸಿದ್ಧ ಸ್ಪರ್ಧೆಯೂ ಇದೇ ಬಗೆಯದು. ಅದಕ್ಕೆ ನೂರಾರು ದೋಣಿಗಳು ಬಂದದ್ದುಂಟು. ಅಟ್ಲಾಂಟಿಕ್‌ನ ಆಚೆ ನ್ಯೂಯಾರ್ಕ್ ಬಳಿಯ ಮ್ಯಾನ್‌ಹ್ಯಾಸೆಟ್ ಕೊಲ್ಲಿಯಲ್ಲೂ 1932ರ ಜನವರಿಯಿಂದ ಇಂಥ ಚಳಿಗಾಲದ ಸ್ಪರ್ಧೆಗಳ ಪರಂಪರೆ ಇದೆ.

ಹೊರಡುವ ಸೂಚನೆಗೆ ಬಾವುಟ ಇಳಿಸಿ ತುತ್ತೂರಿ ಊದುತ್ತಾರೆ. ನಿಯಮದ ಪ್ರಕಾರ ಲೆಕ್ಕಕ್ಕೆ ಬರುವುದು ಬಾವುಟವೇ, ಶಬ್ದವಲ್ಲ. 5 ಡಿಗ್ರಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 334 ಮೀಟರ್. 300 ಮೀಟರ್ ದೂರದಲ್ಲಿ ಕಿವಿಯನ್ನು ನಂಬಿದವನು 0.9 ಸೆಕೆಂಡು, ಅಂದರೆ ಅರ್ಧ ದೋಣಿಗಿಂತ ಹೆಚ್ಚು ಉದ್ದ ಹಿಂದೆ ಬೀಳುತ್ತಾನೆ.

ಲೆಕ್ಕ ಸರಿ, ತೀರ್ಮಾನ ತಪ್ಪು

ಆ ದಿನ ನಾವು ಮಕ್ಕಳ ದೋಣಿಗಳ ನಂತರ 29ನೆಯ ನಿಮಿಷಕ್ಕೆ ಹೊರಟೆವು. ಕಾಯುತ್ತಿರುವಾಗ, ನೀರಿಗೆ ಬಿದ್ದರೆ ಏನಾಗಬಹುದೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ. ದೇಹದ ವಿಶಿಷ್ಟೋಷ್ಣ ಕಿಲೋಗೆ ಸುಮಾರು 3.5 ಕಿಲೋಜೂಲ್. 70 ಕಿಲೋಗೆ ಒಂದು ಡಿಗ್ರಿ ಇಳಿಯಲು 245 ಕಿಲೋಜೂಲ್ ನಷ್ಟವಾಗಬೇಕು. ನೀರಿನ ಉಷ್ಣವಾಹಕತೆ ಗಾಳಿಯದಕ್ಕಿಂತ 24 ಪಟ್ಟು ಹೆಚ್ಚು ನಿಜ. ಆದರೂ ಸೆಕೆಂಡಿಗೆ 500 ಜೂಲ್ ನಷ್ಟವಾದರೆ ದೇಹ 2 ಡಿಗ್ರಿ ತಣಿಯಲು 16 ನಿಮಿಷ ಬೇಕು. ರಕ್ಷಣಾ ದೋಣಿ ಎರಡು ನಿಮಿಷದಲ್ಲಿ ಬರುತ್ತದೆ. ಭಯವೇಕೆ?

ಎರಡನೆಯ ಸುತ್ತಿನಲ್ಲಿ ಒಂದು ಬೀಸು ಬಂತು. ಸಹೋದ್ಯೋಗಿ ಕೂಗಿದರು, ನಾನು ಚಾಚುವುದು ತಡವಾಯಿತು, ದೋಣಿ ಮಗುಚಿತು. ನೀರಿನ ತಾಪ 6 ಡಿಗ್ರಿ ಎಂದು ಬೆಳಗ್ಗೆ ಹಲಗೆಯ ಮೇಲೆ ಬರೆದಿದ್ದರು. ನೀರು ಮುಖಕ್ಕೆ ತಾಗಿದ ಕ್ಷಣವೇ ನನ್ನ ಉಸಿರು ನನ್ನ ಮಾತು ಕೇಳುವುದನ್ನು ನಿಲ್ಲಿಸಿತು. ಬಾಯಿ ತಾನಾಗಿ ತೆರೆದು ಏದುಸಿರು ಎಳೆಯಿತು. ನಿಲ್ಲಿಸಬೇಕೆಂದರೂ ನಿಲ್ಲಲಿಲ್ಲ. ತೇಲುಜಾಕೀಟು ತಲೆಯನ್ನು ಮೇಲೆ ಹಿಡಿದಿರದಿದ್ದರೆ ಆ ಮೊದಲ ಏದುಸಿರಿನಲ್ಲಿ ಗಾಳಿಯ ಬದಲು ನೀರು ಒಳಹೋಗುತ್ತಿತ್ತು.

ನನ್ನ ಅಂಕಗಣಿತದಲ್ಲಿ ತಪ್ಪಿರಲಿಲ್ಲ. ನಾನು ದೇಹವನ್ನು ಬಿಸಿನೀರಿನ ಹಂಡೆ ಎಂದು ಭಾವಿಸಿದ್ದೆ. ಹಂಡೆಗೆ ನರಗಳಿಲ್ಲ. ತಣ್ಣೀರಿನ ಆಘಾತ ಹುಟ್ಟುವುದು ದೇಹದ ಒಳತಾಪದಿಂದಲ್ಲ, ಚರ್ಮದಲ್ಲಿರುವ ಶೀತಗ್ರಾಹಕಗಳಿಂದ. ಚರ್ಮ ಥಟ್ಟನೆ ತಣಿದಾಗ ಉಸಿರಾಟ, ನಾಡಿಬಡಿತ ಹಾಗೂ ರಕ್ತದೊತ್ತಡ ಒಮ್ಮೆಲೇ ಏರುತ್ತವೆ. 15 ಡಿಗ್ರಿಗಿಂತ ತಣ್ಣನೆಯ ನೀರಿನಲ್ಲಿ ಇದು ತೀವ್ರ. ಒಂದರಿಂದ ಮೂರು ನಿಮಿಷದಲ್ಲಿ ತಾನಾಗಿ ಇಳಿಯುತ್ತದೆ. ಕೆನಡಾದ ಮನಿಟೋಬ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಇದನ್ನು 1-10-1 ಎಂದು ಹೇಳಿಕೊಡುತ್ತಾರೆ. ಉಸಿರು ಹತೋಟಿಗೆ ಬರಲು 1 ನಿಮಿಷ, ಕೈಕಾಲು ಕೆಲಸಕ್ಕೆ ಬರುವುದು 10 ನಿಮಿಷ, ಶರೀರತಾಪ ಕುಸಿದು ಪ್ರಜ್ಞೆ ತಪ್ಪಲು 1 ಗಂಟೆ. ಜನ ಹೆದರುವುದು ಕೊನೆಯ ಒಂದು ಗಂಟೆಗೆ. ಆದರೆ ಹಲವರು ಸಾಯುವುದು ಮೊದಲ ಒಂದು ನಿಮಿಷದಲ್ಲಿ. ಬ್ರಿಟನ್ನಿನ ಜೀವರಕ್ಷಕ ಸಂಸ್ಥೆ ಆರ್.ಎನ್.ಎಲ್.ಐ. ಬಿದ್ದೊಡನೆ ಈಜಬೇಡಿ, ಮೊದಲು ಸುಮ್ಮನೆ ತೇಲಿ ಎಂದು ಹೇಳುವುದು ಇದೇ ಕಾರಣಕ್ಕೆ.

ಡಿಂಗಿ ನಾವಿಕರ ಸಾಮಾನ್ಯ ಜಾಕೀಟಿನ ತೇಲುಬಲ 50 ನ್ಯೂಟನ್, ಅಂದರೆ 5 ಕಿಲೋ ಭಾರವನ್ನು ಎತ್ತುವಷ್ಟು ಮಾತ್ರ. ಎಪ್ಪತ್ತು ಕಿಲೋದ ಮನುಷ್ಯನಿಗೆ ಇದು ಸಾಕೇ? ಸಾಕು. ಮನುಷ್ಯದೇಹದ ಸಾಂದ್ರತೆ ನೀರಿನದಕ್ಕೆ ಬಹಳ ಹತ್ತಿರ. ನೀರಿನಿಂದ ಹೊರಗಿರಬೇಕಾದದ್ದು ತಲೆ ಮಾತ್ರ. ನಮ್ಮ ಕೆರೆ-ಹೊಳೆಗಳ ನೀರು ಇಷ್ಟು ತಣ್ಣಗಿರುವುದಿಲ್ಲ ನಿಜ, ಆದರೆ ಪ್ರವಾಸದಲ್ಲಿ ಹರಿಗೋಲು ಹತ್ತುವ ನಮ್ಮ ವಿದ್ಯಾರ್ಥಿಗಳ ಮೈಮೇಲೆ ಈ ಜಾಕೀಟು ಇರುವುದು ಅಪರೂಪ. ಆರ್ಕಿಮಿಡೀಸನ ತತ್ತ್ವವನ್ನು ಪಾಠ ಮಾಡುವಾಗ ಕಬ್ಬಿಣದ ಗುಂಡಿನ ಬದಲು ಈ ಉದಾಹರಣೆ ತೆಗೆದುಕೊಳ್ಳಬಹುದಲ್ಲ?

ನಾನು ತೊಟ್ಟಿದ್ದದ್ದು ನಿಯೊಪ್ರೀನ್ ರಬ್ಬರಿನ ಒದ್ದೆ ಉಡುಪು. ಒಳಗೆ ನುಗ್ಗಿದ ನೀರಿನ ತೆಳುಪದರ ಬೆಚ್ಚಗಾಗಿ ನಮ್ಮನ್ನು ಕಾಯುತ್ತದೆ ಎಂದು ಬಹಳ ಪುಸ್ತಕಗಳಲ್ಲಿ ಬರೆದಿರುತ್ತಾರೆ. ಹಾಗಲ್ಲ. ನೀರು ಉಷ್ಣನಿರೋಧಕವೇ ಅಲ್ಲ. ಕಾಯುವುದು ರಬ್ಬರಿನಲ್ಲಿ ಸೆರೆಯಾದ ಅನಿಲದ ಅಸಂಖ್ಯ ಗುಳ್ಳೆಗಳು. ಇದನ್ನು 1950ರ ದಶಕದ ಆರಂಭದಲ್ಲಿ ಸ್ಪಷ್ಟವಾಗಿ ಕಂಡವರು ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಹ್ಯೂ ಬ್ರ್ಯಾಡ್ನರ್. ಮ್ಯಾನ್‌ಹ್ಯಾಟನ್ ಯೋಜನೆಯಲ್ಲಿ ಕೆಲಸ ಮಾಡಿದ್ದವರು. ಮೈ ಒದ್ದೆಯಾದರೆ ಆಗಲಿ, ಬಟ್ಟೆಯಲ್ಲಿ ಅನಿಲ ಸೆರೆಯಾಗಿದ್ದರೆ ಸಾಕು ಎಂಬುದು ಅವರ ಯೋಚನೆ. ಒಳಗಿನ ನೀರು ಹೊರಹೋಗಿ ಹೊಸ ತಣ್ಣೀರು ಬರಬಾರದು, ಅಷ್ಟೇ. ಒಂದು ಲೀಟರ್ ನೀರನ್ನು 6ರಿಂದ 33 ಡಿಗ್ರಿಗೆ ಕಾಯಿಸಲು ದೇಹ 113 ಕಿಲೋಜೂಲ್ ತೆರಬೇಕು. ಉಡುಪು ಬಿಗಿಯಾಗಿರಬೇಕೆನ್ನುವುದು ಅದಕ್ಕೇ.

ಸಹೋದ್ಯೋಗಿ ನಡುಹಲಗೆಯ ಮೇಲೆ ನಿಂತು ಸನ್ನೆಕೋಲಿನಂತೆ ದೋಣಿಯನ್ನು ಎತ್ತಿದರು. ನನ್ನನ್ನು ಒಳಗೆಳೆದರು. ಆದರೆ ಹಗ್ಗದ ಗಂಟು ಬಿಗಿಯಲು ನನ್ನ ಬೆರಳುಗಳು ಒಪ್ಪಲಿಲ್ಲ. ಇದನ್ನು ತರಗತಿಯಲ್ಲಿ ತೋರಿಸಬಹುದು. ಆರೋಗ್ಯವಂತ ವಿದ್ಯಾರ್ಥಿಯೊಬ್ಬ ಐಸ್ ಹಾಕಿದ 10 ಡಿಗ್ರಿಯ ನೀರಿನಲ್ಲಿ ಕೈಯನ್ನು ಎರಡು ನಿಮಿಷ ಇಟ್ಟು, ಕೂಡಲೇ ಅಂಗಿಯ ಗುಂಡಿ ಹಾಕಲಿ. ಮೊದಲು ಮತ್ತು ನಂತರ ಹಿಡಿದ ಸೆಕೆಂಡುಗಳನ್ನು ಬರೆದುಕೊಳ್ಳಿ.

ದಡದ ಮೇಲೆ

ಲಂಡನ್ನಿನ ಅಕ್ಷಾಂಶ 51.5 ಡಿಗ್ರಿ. ಡಿಸೆಂಬರ್ ಕೊನೆಯಲ್ಲಿ ನಡುಮಧ್ಯಾಹ್ನದ ಸೂರ್ಯ ಅಲ್ಲಿ ದಿಗಂತದಿಂದ 15 ಡಿಗ್ರಿ ಮಾತ್ರ ಏರುತ್ತಾನೆ. ಬೆಂಗಳೂರಿನಲ್ಲಿ ಆಗಲೂ 53 ಡಿಗ್ರಿ. ನಾಲ್ಕು ಗಂಟೆಗೆಲ್ಲ ಕತ್ತಲು. ಹೀಗಾಗಿ ಸ್ಪರ್ಧೆ ಬೆಳಗ್ಗೆ, ಊಟ ಮಧ್ಯಾಹ್ನ. ಕ್ಲಬ್ಬಿನಲ್ಲಿ ಸಂಬಳದ ಕೆಲಸದವರು ಇರಲಿಲ್ಲ. ಸದಸ್ಯರೇ ಸರದಿಯ ಮೇಲೆ ರಕ್ಷಣಾ ದೋಣಿ ನಡೆಸುತ್ತಾರೆ, ಅಡುಗೆ ಮಾಡುತ್ತಾರೆ, ಪಾತ್ರೆ ತೊಳೆಯುತ್ತಾರೆ. ದೋಣಿ ಹತ್ತಲಾಗದ ಹಿರಿಯರು ಗಾಜಿನ ಕೋಣೆಯಲ್ಲಿ ಕುಳಿತು ಬಾವುಟ ಏರಿಸಿ ಇಳಿಸುತ್ತಾರೆ. ನನ್ನ ಮಗುಚಾಟವನ್ನು ಅವರೆಲ್ಲ ದುರ್ಬೀನಿನಲ್ಲಿ ನೋಡಿದ್ದರು ಎಂದು ಆಮೇಲೆ ತಿಳಿಯಿತು.

ಒಳಗೆ ಲವಂಗ, ಚಕ್ಕೆ ಹಾಕಿ ಕಾಯಿಸಿದ ದ್ರಾಕ್ಷಾರಸದ ಮದ್ಯದ ಘಮ. ಆದರೆ ನಡುಗುತ್ತಿರುವವನಿಗೆ ಅದನ್ನು ಕೊಡುವುದಿಲ್ಲ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಬೆಚ್ಚಗಾದಂತೆ ಅನಿಸುತ್ತದೆ, ಅದೇ ಹೊತ್ತಿಗೆ ಒಳಗಿನ ಉಷ್ಣ ಹೊರಹೋಗುತ್ತದೆ. ನನಗೆ ಸಿಕ್ಕಿದ್ದು ಒಣ ಬಟ್ಟೆ ಮತ್ತು ಸಿಹಿ ಚಹಾ. ಒದ್ದೆ ಬಟ್ಟೆಯಿಂದ 100 ಗ್ರಾಂ ನೀರು ಆವಿಯಾದರೂ ಸುಮಾರು 250 ಕಿಲೋಜೂಲ್ ಗುಪ್ತೋಷ್ಣ ಬೇಕು. ಅದರಲ್ಲಿ ಬಹುಪಾಲನ್ನು ದೇಹವೇ ತೆರಬೇಕಾಗುತ್ತದೆ. ಒಣ ಬಟ್ಟೆಯೇ ಮೊದಲ ಔಷಧ.

ಮೇಜಿನ ಮೇಲೆ ಬಣ್ಣದ ಕಾಗದದ ಸುರುಳಿಗಳಿದ್ದವು. ಇಬ್ಬರು ಎರಡು ತುದಿ ಹಿಡಿದು ಎಳೆದರೆ ಪಟ್ ಎಂದು ಸಿಡಿದು ಒಳಗಿಂದ ಕಾಗದದ ಕಿರೀಟ ಬೀಳುತ್ತದೆ. ಸಿಡಿಯುವುದು ಸೂಜಿಮೊನೆಯಷ್ಟು ಸಿಲ್ವರ್ ಫಲ್ಮಿನೇಟ್. ದೀಪಾವಳಿಯಲ್ಲಿ ನಮ್ಮ ಮಕ್ಕಳು ನೆಲಕ್ಕೆಸೆಯುವ ಪಾಪ್-ಪಾಪ್‌ನಲ್ಲಿರುವುದೂ ಅದೇ. ಕ್ಲಬ್ಬಿನ ಅಧ್ಯಕ್ಷೆ ನೀಲಿ ಕಿರೀಟ ತೊಟ್ಟು ಬಹುಮಾನ ಹಂಚಿದರು. ಗೆದ್ದದ್ದು ಹನ್ನೊಂದು ವರ್ಷದ ಹುಡುಗಿ, ಆಪ್ಟಿಮಿಸ್ಟ್‌ನಲ್ಲಿ. ನಮಗೆ ಕೊನೆಯಿಂದ ಮೂರನೆಯ ಸ್ಥಾನ.

ಅತ್ಯುತ್ತಮ ಸ್ನಾನಕ್ಕೆಂದು ನನಗೂ ಒಂದು ಬಹುಮಾನ ಬಂತು. ಒಲೆಯಿಂದ ಆಗ ತಾನೇ ತೆಗೆದ ಮಿನ್ಸ್ ಪೈಗಳು. ಒಣದ್ರಾಕ್ಷಿ, ಸಕ್ಕರೆ, ಜಾಯಿಕಾಯಿಯ ಹೂರಣ ತುಂಬಿದ ಅವರ ಕಡುಬು. ಮೇಲಿನ ಹೊದಿಕೆ ಮುಟ್ಟಿ ನೋಡಿದೆ, ಬೆಚ್ಚಗಷ್ಟೇ ಇತ್ತು. ಹೊದಿಕೆ ಒಣಗಿದ್ದು, ತುಂಬ ಗಾಳಿಗುಳ್ಳೆಗಳಿರುವುದರಿಂದ ಅದರಲ್ಲಿ ಉಷ್ಣ ಸಂಗ್ರಹವೂ ಕಡಿಮೆ, ವಾಹಕತೆಯೂ ಕಡಿಮೆ. ಒಳಗಿನ ನೀರಿನಂಶದ ಹೂರಣ ಅದೇ ಹೊತ್ತಿಗೆ ಕೊತಕೊತ ಬಿಸಿಯಾಗಿರುತ್ತದೆ. ಕರಿಗಡುಬು ತಿಂದು ಬೆಳೆದ ನನಗೆ ಇದು ಗೊತ್ತಿರಬೇಕಿತ್ತು. ಅಂದು ಎರಡನೆಯ ಬಾರಿ ನನ್ನ ಬಾಯಿ ತಾನಾಗಿ ತೆರೆದುಕೊಂಡಿತು.